ಕೈ ಎತ್ತಿದವರ ಮನೆಗೆ

ಕುಮಟಾದಲ್ಲಿ ನಮ್ಮ ಪಕ್ಕದ ಮನೆಯವರು ಬಸ್ ಡ್ರೈವರ್ ಆಗಿದ್ದರು. ನೌಕರಿಯ ಬಹುಕಾಲ ಕುಮಟಾ–ಭಟ್ಕಳ ರಸ್ತೆಯಲ್ಲೇ ಕಳೆದಿತ್ತು. ನಿವೃತ್ತರಾಗಿ ಕೆಲವು ತಿಂಗಳಾಗಿರಬಹುದು, ಒಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದರು.

"ಮಗಾ, ನನ್ನ ಸಂಗ್ತಿ ಒಂದು ಕಡೆ ಬತ್ಯಾ? ಒಬ್ಬನೇ ಹೋಗೂಕೆ ನಾಚ್ಕೆ ಆತದೆ."

"ಎಲ್ಲಿಗೆ ಮಾವ?"

ಹೊನ್ನಾವರ ದಾಟಿ ಮಂಕಿಯ ಕಡೆ ಹೋಗುವಾಗ ರಸ್ತೆ ಬದಿಗೊಂದು ಹಂಚಿನ ಮನೆ. ಅದರ ಜಗಲಿಯಲ್ಲಿ ಕೂತಿರುತ್ತಿದ್ದ ಒಬ್ಬರು ಇವರ ಬಸ್ ಕಂಡರೆ ಕೈ ಎತ್ತುತ್ತಿದ್ದರಂತೆ. ಇವರು ಹಾರ್ನ್ ಹೊಡೆದು ಉತ್ತರ ಕೊಡುತ್ತಿದ್ದರಂತೆ. ಎಷ್ಟೋ ವರ್ಷ ಹೀಗೇ ನಡೆದರೂ ಅವರು ಯಾರೆಂದು ಗೊತ್ತಿಲ್ಲ. "ಮಳೆಗಾಲದಾಗೆ ಕಾಣ್ತಿರ್ಲಿಲ್ಲ. ಹುಷಾರಿಲ್ವೇನೋ ಅಂತ ಚಿಂತೆ ಆಗ್ತಿತ್ತು," ಎಂದರು.

ನಾನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ಹೆದ್ದಾರಿ ಅಗಲವಾದ ಮೇಲೆ ಅಲ್ಲಿ ಎಲ್ಲ ಗುರುತು ತಪ್ಪಿಹೋಗಿತ್ತು. ಮುಂದಿನ ಸ್ಟಾಪಿನಲ್ಲಿಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದೆವು. ಅಂಗಳ ಅರ್ಧ ಹೋಗಿದ್ದರೂ ಮನೆ ಉಳಿದಿತ್ತು, ಜಗಲಿಯಲ್ಲಿ ಅವರೂ ಇದ್ದರು. ಮಾವ ಗೇಟಿನ ಬಳಿ ನಿಂತವರು ಮುಂದೆ ಹೋಗಲೊಲ್ಲರು. ನಾನೇ ಹೋಗಿ ಬಂದ ಕಾರಣ ಹೇಳಿದೆ.

ಮನೆಯ ಯಜಮಾನರು ತಬ್ಬಿಬ್ಬಾದರು. "ನಾನು ಕೈ ಎತ್ತಿದ್ನಾ? ಬಸ್ಸಿಗೆ ಎಂತಕೆ ಎತ್ತೂದು?" ಸ್ವಲ್ಪ ಯೋಚಿಸಿ ನಗತೊಡಗಿದರು. "ಅಯ್ಯೋ ಮಾರಾಯ್ರೇ! ಅಂಗಳದಾಗೆ ಕೊಬ್ಬರಿ ಒಣಗೂಕೆ ಹಾಕ್ತಿದ್ದೆ. ಕಾಗೆ ಓಡಿಸ್ತಿದ್ದದ್ದು!"

ಒಳಗಿಂದ ಬಂದ ಅವರ ಹೆಂಡತಿ ಗೇಟಿನ ಬಳಿಯಿದ್ದ ಮಾವನನ್ನು ನೋಡಿ ಕೇಳಿದರು. "ಆ ಹಾರ್ನ್ ನೀವು ಹೊಡೀತಿದ್ದದ್ದಾ? ಮನೆ ಹಿಂದೆ ದೇವ್ರ ಕಟ್ಟೆ ಉಂಟಲ್ಲ, ಅದಕ್ಕೆ ಕೈಮುಗಿದು ಹೊಡೀತಾರೆ ಅಂತ ಮಾಡಿದ್ದೆ. ಒಳ್ಳೆ ಭಕ್ತಿ ಇಪ್ಪೋರು ಅಂತ ಇವ್ರ ಹತ್ರ ಹೇಳಿದ್ದೂ ಹೌದು."

ಮಾವನ ಮುಖ ಒಮ್ಮೆ ಬಾಡಿತು. ನಾನು ನಗುವುದೋ ಬೇಡವೋ ತಿಳಿಯದೆ ನೆಲ ನೋಡಿದೆ. ಆಮೇಲೆ ಮಾವನೇ ನಕ್ಕುಬಿಟ್ಟರು, ಕಣ್ಣಲ್ಲಿ ನೀರು ಬರುವಷ್ಟು. ಆಕೆ ಎಳನೀರು ಕೊಟ್ಟರು. ಊಟದ ಹೊತ್ತಾದರೂ ಮಾತು ಮುಗಿಯಲಿಲ್ಲ, ಅಲ್ಲೇ ಉಂಡೆವು.

ಹಿಂದಿರುಗುವಾಗ ಬಸ್ಸಿನಲ್ಲಿ ಮಾವ ಕಿಟಕಿ ಪಕ್ಕ ಕೂತರು. ಶರಾವತಿ ಸೇತುವೆ ಬಂದಾಗ ತಡೆಯಲಾರದೆ ಕೇಳಿದೆ, "ಬೇಜಾರಾಯ್ತಾ?"

"ಒಂಚೂರು ಆತು," ಎಂದರು. "ಮನೆಯಾಗೆ ಜಗಳ ಆದ ದಿನ, ಮೇಲಿನವ್ರು ಬೈದ ದಿನ, ಆ ಮನೆ ಬಂದ್ರೆ ನಂಗೆ ಹಗುರ ಆಗ್ತಿತ್ತು. ನನ್ನ ನೋಡೂಕೇ ಒಬ್ರು ಕೂತಿದ್ದಾರೆ ಅಂತ." ಆಮೇಲೆ ನನ್ನ ಕಡೆ ತಿರುಗಿದರು. "ಆದ್ರೆ ಹಗುರ ಆದದ್ದಂತೂ ಸುಳ್ಳಲ್ಲ ಅಲ್ವಾ ಮಗಾ?"

ಇಲ್ಲದ ಸ್ನೇಹದಿಂದ ಅಷ್ಟು ವರ್ಷ ನೆಮ್ಮದಿ ಸಿಗುವುದು ಹೇಗೆ? ಅಥವಾ ಇವರೊಬ್ಬರೇ ಸಾಕಿಕೊಂಡು ಬಂದದ್ದಕ್ಕೂ ಸ್ನೇಹವೆಂದೇ ಹೆಸರೋ?

ಮುಂದಿನ ತಿಂಗಳು ಆ ಗಂಡ ಹೆಂಡತಿ ಕುಮಟಾ ಸಂತೆಗೆ ಬಂದವರು ಮಾವನ ಮನೆಗೂ ಬಂದರು. ಮಂಡಿನೋವು, ಮೊಮ್ಮಗಳ ಪರೀಕ್ಷೆ, ಮೀನಿನ ರೇಟು ಎಂದು ಮುಸ್ಸಂಜೆಯವರೆಗೂ ಮಾತಾಡಿದರು. ಈಗ ಬಂದು ಹೋಗುವುದು ಎರಡೂ ಕಡೆಯಿಂದ ನಡೆದಿದೆ.

ಭಟ್ಕಳದ ನನ್ನ ಆಫೀಸಿನ ದಾರಿಯಲ್ಲಿ, ದಿನಾ ನನ್ನನ್ನು ನೋಡಿ ನಗುವ ಹೂವಿನಂಗಡಿಯ ಹೆಂಗಸೊಬ್ಬರಿದ್ದಾರೆ. ಯಾಕೆ ನಗುತ್ತೀರಿ ಎಂದು ಕೇಳಬೇಕೆನಿಸುತ್ತದೆ. ಇನ್ನೂ ಕೇಳಿಲ್ಲ.