ಮೂರು ಶಿಲ್ಲಿಂಗಿನ ಬ್ಯಾಂಕು

ಗಂಡ ಇದ್ದಾಗ ಹೆಸರು ಹೇಳಲಿಲ್ಲ. ಈಗ ಬರೆಯುತ್ತೇನೆ, ಕಾಂತಪ್ಪ. ಗೋಕಾಕದ ಕಡೆಯವರು. ಮುಂಬೈಯ ವಡಾಲದ ಒಂದು ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಅದೇ ಕೆಲಸಕ್ಕೆ ಇಂಗ್ಲೆಂಡಿಗೆ ಹೋದರು. ನಾನು ಚಾಳಿನಲ್ಲಿ ಉಳಿದೆ. ಹೋದ ಶ್ರಾವಣದಲ್ಲಿ ತೀರಿಕೊಂಡರು. ಇನ್ನೂ ಎರಡು ತಾಟು ಇಡುತ್ತೇನೆ, ಒಂದನ್ನು ತೆಗೆದಿಡುತ್ತೇನೆ.

ಅವರು ಕುಡಿಯುತ್ತಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ. ಚಟ ಒಂದೇ. ಮನೆಗೆ ಹಣ ಕಳಿಸಲು ಎಲ್ಲಕ್ಕಿಂತ ಅಗ್ಗದ ದಾರಿ ಹುಡುಕುವುದು. ಅವರ ಬೀದಿಯ ಬ್ಯಾಂಕು ಐದು ಶಿಲ್ಲಿಂಗು ಕೇಳುತ್ತಿತ್ತು. ಎದುರಿನದು ನಾಲ್ಕು. ಎರಡು ಮೈಲಿ ಆಚೆ ಒಂದು ಬ್ಯಾಂಕು ಮೂರಕ್ಕೆ ಕಳಿಸುತ್ತಿತ್ತು. ಬಸ್ಸು ಹತ್ತಿದರೆ ಲಾಭ ಹೋಯಿತು ಎಂದು ನಡೆದೇ ಹೋಗುವರು. ಬೂಟು ಸವೆದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಇದನ್ನೆಲ್ಲ ನೀಲಿ ಕಾಗದದಲ್ಲಿ ಬರೆದು ಕಳಿಸುವರು.

ನನಗೆ ಆಗ ಸರಿಯಾಗಿ ಓದಲು ಬರುತ್ತಿರಲಿಲ್ಲ. ಪಕ್ಕದ ಖೋಲಿಯ ನೀಲಾವತಿ ಓದಿ ಹೇಳುತ್ತಿದ್ದಳು.

"ಹಾಲವ್ವಾ, ನಿನ್ನ ನೆನಪು ಎಲ್ಲ್ಯರ ಬರದಾನೇನ ಅಂತ ನೋಡಾಕತ್ತೀನಿ. ಬರೇ ಬ್ಯಾಂಕ ಐತಿ."

"ಕೆಳಗ ನೋಡು."

"ಕೆಳಗ ಪೋಸ್ಟಾಫೀಸ್ ಐತಿ."

ಅರವತ್ತಾರರ ಮೊದಲಲ್ಲಿ ಅವರ ಕೈಯಲ್ಲಿ ನೂರು ಪೌಂಡಿತ್ತು. ಯಾವ ಬ್ಯಾಂಕು ಎಂದು ತಿಂಗಳುಗಟ್ಟಲೆ ಯೋಚಿಸಿದರು. ಅಷ್ಟರಲ್ಲಿ, ಜೂನಿನಲ್ಲಿ, ಸರಕಾರ ರೂಪಾಯಿ ಬೆಲೆ ಇಳಿಸಿತು. ಪೌಂಡಿಗೆ ಹದಿಮೂರು ಚಿಲ್ಲರೆ ಇದ್ದದ್ದು ಇಪ್ಪತ್ತೊಂದು ರೂಪಾಯಿ ಆಯಿತು. ಸುಮ್ಮನೆ ಕೂತದ್ದಕ್ಕೆ ಏಳುನೂರು ಚಿಲ್ಲರೆ ಹೆಚ್ಚು ಬಂತು. ಅಂದಿನಿಂದ ತಾವು ಬಹಳ ಶಾಣ್ಯಾ ಎಂದು ತಿಳಿದರು. ಅದೇ ಕೆಟ್ಟದ್ದಾಯಿತು.

ಮರುವರ್ಷ ಮಲಾಡಿನಲ್ಲಿ ನಮ್ಮ ಕಡೆಯವರು ಸೊಸೈಟಿ ಮಾಡಿ ಬಿಲ್ಡಿಂಗ್ ಕಟ್ಟಿಸಿದರು. ಎರಡನೇ ಮಹಡಿಯ ಖೋಲಿಗೆ ಎಂಟು ಸಾವಿರ. ಡಿಸೆಂಬರ್ ಒಂದರೊಳಗೆ ತುಂಬದಿದ್ದರೆ ಬೇರೆಯವರಿಗೆ. ಅವರ ಹತ್ತಿರ ನಾಲ್ಕು ನೂರು ಪೌಂಡಿತ್ತು, ಅಂದರೆ ಎಂಟು ಸಾವಿರದ ನಾಲ್ಕು ನೂರು. ಸ್ವಂತ ನಲ್ಲಿ ಬರುತ್ತದೆ ಎಂದು ನಾನು ಕನಸು ಕಾಣುತ್ತಿದ್ದೆ. ಲಗೂನ ಕಳಿಸಿರಿ ಎಂದು ಸೆಪ್ಟೆಂಬರಿನಲ್ಲಿ ಬರೆಸಿದೆ. ಮೂರು ಶಿಲ್ಲಿಂಗಿನ ಬ್ಯಾಂಕು ನಾಲ್ಕು ಮಾಡಿದೆ, ಬೇರೆ ನೋಡುತ್ತಿದ್ದೇನೆ ಎಂದು ಉತ್ತರ ಬಂತು. ಅಕ್ಟೋಬರಿನಲ್ಲಿ ಮತ್ತೆ ಬರೆಸಿದೆ. ತಡೆದರೆ ಹೋದ ಸಲದಂತೆ ರೇಟು ಏರಬಹುದು ಎಂದು ಬಂತು.

ನವೆಂಬರ್ ಹತ್ತೊಂಬತ್ತು ದಾಟಿತ್ತು. ನೀಲಾವತಿ ಪೇಪರ್ ಹಿಡಿದು ಬಂದಳು.

"ಈ ಸಲ ಪೌಂಡ್ ಬಿದ್ದೈತಿ ನೋಡ. ಹದಿನೆಂಟು ರೂಪಾಯಿ."

"ನಾಲ್ಕು ನೂರಕ್ಕ ಎಷ್ಟಾತು?"

"ಏಳು ಸಾವಿರದ ಎರಡು ನೂರು. ನಿನ್ನ ಗಂಡ ಒಂದ ಶಿಲ್ಲಿಂಗ್ ಉಳಸಾಕ ಹೋಗಿ ಹನ್ನೆರಡು ನೂರು ರೂಪಾಯಿ ಕಳದಾನ."

ಗಾಬರಿಯಾಗಿ ಅವರು ಹಣವನ್ನು ತಂತಿಯ ಮೂಲಕ ಕಳಿಸಿದರು. ಖರ್ಚು ಒಂದು ಪೌಂಡಿಗಿಂತ, ಅಂದರೆ ಇಪ್ಪತ್ತು ಶಿಲ್ಲಿಂಗಿಗಿಂತ, ಹೆಚ್ಚು. ಅದಕ್ಕಿಂತ ದುಬಾರಿ ದಾರಿ ಇರಲಿಲ್ಲ.

ಮೂವತ್ತನೇ ತಾರೀಖು ನಾನೂ ನೀಲಾವತಿಯೂ ಫೋರ್ಟಿನ ಬ್ಯಾಂಕಿಗೆ ಹೋಗಿ ಹಣ ಬಿಡಿಸಿಕೊಂಡು ಮಲಾಡಿಗೆ ಬಂದೆವು. ಸೆಕ್ರೆಟರಿ ಬಸವಂತರಾಯ ನೋಟು ಎಣಿಸಿ ಹಿಂದಕ್ಕೆ ಕೊಟ್ಟ.

"ಬಾಯಾರ, ಎಂಟು ನೂರು ಕಮ್ಮಿ ಅದ. ಎರಡನೇ ಮಾಳಿಗಿ ಆಗಂಗಿಲ್ಲ."

"ಕೆಳಗ ಯಾವುದರ ಐತೇನ್ರಿ?"

"ಪಂಪಿನ ಬಾಜೂಕ ಒಂದ ಅದ. ಏಳೂವರಿ ಸಾವಿರ."

ಹೋಗಿ ನೋಡಿದೆವು. ಪಂಪು ಶುರುವಾದಾಗ ಗೋಡೆ ನಡುಗಿತು. ಗೋಡೆಗೆ ಕೈ ಇಟ್ಟು ನಿಂತೆ.

"ಗ್ವಾಡಿ ನಡಗತೈತಿ."

"ಪಂಪ್ ಅಂದ್ರ ನಡಗೂದ ಬಾಯಾರ."

"ಯಾರೂ ತಗೊಂಡಿಲ್ಲ ಅಲ್ರಿ?"

ಅವನು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದ.

"ಏಳು ಸಾವಿರದ ನೂರು. ಈಗ ಕೈಯಾಗ ಐತಿ. ನಾಳೆ ಇದೂ ಇರಂಗಿಲ್ಲ, ನಾನೂ ಬರಂಗಿಲ್ಲ," ಎಂದೆ.

"ನೀವು ಇಂಗ್ಲೆಂಡಿಗಿ ಹೋಗಬೇಕಾಗಿತ್ತು," ಎಂದು ಬೀಗದ ಕೈ ಕೊಟ್ಟ.

ಖೋಲಿ ಆಯಿತು, ಗೋಡೆ ನಡುಗುತ್ತದೆ, ನಲ್ಲಿಗೆ ದಿನವಿಡೀ ನೀರಿದೆ ಎಂದು ಬರೆಸಿದೆ. ಅವರ ಉತ್ತರದಲ್ಲಿ ಖೋಲಿಯ ಮಾತೇ ಇರಲಿಲ್ಲ. ಫೋರ್ಟಿನ ಬ್ಯಾಂಕಿನವರು ಹಣ ಕೊಡುವಾಗ ಎಷ್ಟು ಮುರಿದುಕೊಂಡರು ಎಂದಷ್ಟೇ ಕೇಳಿದ್ದರು.

ನೀಲಾವತಿ ಪೆನ್ನು ಹಿಡಿದು ಕೂತಿದ್ದಳು. "ಹದಿನಾಲ್ಕು ರೂಪಾಯಿ ಮುರದಾರ. ಬರೀಲೇನ?"

ಪರದೇಶದಲ್ಲಿ ಒಬ್ಬರೇ ಇದ್ದರು. ಹನ್ನೆರಡು ನೂರರ ಸಂಕಟ ಆಗಲೇ ಸಾಕಷ್ಟಿತ್ತು. "ಒಂದು ಪೈಸಾನೂ ಮುರದಿಲ್ಲ ಅಂತ ಬರಿ," ಎಂದೆ.

ಊರಿಗೆ ಮರಳಿದ ಮೇಲೆ ಅವರು ಹತ್ತು ವರ್ಷ ಬದುಕಿದರು. ಸಿಕ್ಕವರಿಗೆಲ್ಲ ಆ ಫೋರ್ಟಿನ ಬ್ಯಾಂಕಿನ ಹೆಸರು ಹೇಳಿ, ಅಷ್ಟು ಪ್ರಾಮಾಣಿಕರು ಮುಂಬೈಯಲ್ಲಿ ಬೇರೆ ಇಲ್ಲ ಎನ್ನುತ್ತಿದ್ದರು. ನಾನು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದೆ.