ಕರಾರಿನ ಕೊನೆಯ ಎಂಟು ದಿನ

ಕೊರಟಗೆರೆ ಕಡೆ ಬೆಟ್ಟದ ಬುಡದಲ್ಲಿ ಒಂದು ಮನೆ ವರ್ಷಕ್ಕೆ ಎಂಟು ದಿನ ಮಾತ್ರ ನಮ್ಮದಾಗಿತ್ತು. ಕೇಳಿದವರು ನಗುತ್ತಿದ್ದರು. ನಗಲಿ ಬಿಡಿ. ಬೇಸಿಗೆಯಲ್ಲಿ ಮಧುಗಿರಿಯ ಬಂಡೆ ಕಾದು ಊರೆಲ್ಲ ಬೇಯುವಾಗ ನಾವು ಅಲ್ಲಿ ಹುಣಸೆಮರದ ನೆರಳಲ್ಲಿ ಕಾಲು ಚಾಚಿ ಮಲಗಿರುತ್ತಿದ್ದೆವು.

ಮನೆ ಕೊರಟಗೆರೆಯ ಯಜಮಾನರೊಬ್ಬರದು. ಎಪ್ಪತ್ತರ ದಶಕದ ಆರಂಭದಲ್ಲಿ ಗೋಡೆ ಎದ್ದು, ಮುಂದಿನ ಕೆಲಸ ಹಾಗೇ ನಿಂತಿತ್ತು. ನಮ್ಮಪ್ಪನಿಗೆ ಮಧುಗಿರಿಯಲ್ಲಿ ಹೆಂಚಿನ ಮಂಡಿ. ಹೆಂಚು ಅವನು ಕೊಟ್ಟ. ಶಿರಾದಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಸಾಹೇಬರೊಬ್ಬರು ತೊಲೆ, ಬಾಗಿಲು ಕೊಟ್ಟರು. ಪಾವಗಡದ ಕಲ್ಲಿನ ವ್ಯಾಪಾರದವರು ನೆಲಕ್ಕೆ ಚಪ್ಪಡಿ ಹಾಸಿಸಿದರು. ಅದಕ್ಕೆ ಪ್ರತಿಯಾಗಿ ಯಜಮಾನರು ಛಾಪಾ ಕಾಗದದಲ್ಲಿ ಕರಾರು ಬರೆದುಕೊಟ್ಟರು. ಹನ್ನೆರಡು ಬೇಸಿಗೆ, ಮೂರು ಮನೆಗೂ ಎಂಟೆಂಟು ದಿನ. ಮೊದಲು ಶಿರಾದವರು, ಆಮೇಲೆ ನಾವು, ಕೊನೆಗೆ ಪಾವಗಡದವರು. ಹನ್ನೆರಡು ಮುಗಿದ ಮೇಲೆ ಬೀಗದ ಕೈ ಯಜಮಾನರಿಗೆ.

ಪಾವಗಡದವರನ್ನು ನಾವು ಕಣ್ಣಲ್ಲಿ ಕಂಡವರಲ್ಲ. ನಾವು ಬೆಳಿಗ್ಗೆ ಬಸ್ಸಿಗೆ ಹೊರಟರೆ ಅವರು ಸಂಜೆ ಬಸ್ಸಿಗೆ ಬರುವರು. ಬೀಗದ ಕೈ ಪಕ್ಕದ ಗೊಲ್ಲರ ಹಟ್ಟಿಯಲ್ಲಿ ಇರುತ್ತಿತ್ತು.

ಮೊದಲನೇ ವರ್ಷ ಅಮ್ಮ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಗೂಡಿನಲ್ಲೇ ಮರೆತು ಬಂದಳು. ಮರುವರ್ಷ ಹೋದಾಗ ಜಾಡಿ ಅಲ್ಲೇ ಇತ್ತು, ತೊಳೆದು ಒಣಗಿಸಿ, ಉಪ್ಪು ಹಾಕಿ ಕುಟ್ಟಿದ ಹುಣಸೆಹಣ್ಣು ತುಂಬಿಸಿ. ಅಮ್ಮನಿಗೆ ಹಿಡಿಸಲಾರದಷ್ಟು ಸಂತೋಷ. ಇದು ನಮ್ಮ ಹಿಂದೆ ಬಂದ ಪಾವಗಡದಾಕೆಯದೇ ಕೆಲಸ, ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದೆಂದು ತಿಳಿದ ಗೃಹಿಣಿ, ಗಂಡಸರಿಗೆ ಇದೆಲ್ಲ ಎಲ್ಲಿ ಹೊಳೆಯುತ್ತದೆ ಎಂದಳು. ಆ ವರ್ಷ ಜಾಡಿಯ ಜೊತೆಗೆ ಅರಿಶಿನ ಕುಂಕುಮದ ಪೊಟ್ಟಣ, ರವಿಕೆ ಕಣ, ಒಂದು ಡಜನ್ ಹಸಿರು ಬಳೆ ಇಟ್ಟು ಬಂದಳು. ಆಮೇಲೆ ಪ್ರತಿವರ್ಷವೂ ಅದೇ. ಒಮ್ಮೆ ಗೋಡೆಯ ಕನ್ನಡಿಯ ಚೌಕಟ್ಟಿನಲ್ಲಿ ಬೆರಳು ಒರೆಸಿದ ಕುಂಕುಮ ಕಂಡು, ತಾನು ಕೊಟ್ಟದ್ದನ್ನೇ ಇಟ್ಟುಕೊಂಡಿದ್ದಾಳೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಮುಖ ನೋಡದ ಆ ಹೆಂಗಸಿನ ಮೇಲೆ ಅಮ್ಮನಿಗೆ ಸ್ವಂತ ತಂಗಿಯರ ಮೇಲಿಲ್ಲದ ಅಕ್ಕರೆ. ನನಗೆ ನಿಜವಾಗಿ ಹೊಟ್ಟೆಕಿಚ್ಚಾಗುತ್ತಿತ್ತು.

ಹನ್ನೆರಡನೇ ಬೇಸಿಗೆ ಬಂತು. ನಾನಾಗ ಕಾಲೇಜು ಮುಗಿಸಿ, ಎಲ್ಲದಕ್ಕೂ ಮೂಗು ಮುರಿಯುವ ವಯಸ್ಸಿನವಳು. ಹೊರಡುವ ದಿನ ಅಮ್ಮ ಪಟ್ಟು ಹಿಡಿದಳು. ಇದೇ ಕೊನೆ, ಆಕೆಯನ್ನು ನೋಡದೆ ಬೆಳಿಗ್ಗೆ ಬಸ್ಸು ಹತ್ತುವುದಿಲ್ಲ, ಕುಂಕುಮವನ್ನು ಕೈಯಾರೆ ಇಟ್ಟೇ ಬರುತ್ತೇನೆ ಎಂದು. ಅಪ್ಪ ಗೊಣಗಿದ, ಜಗುಲಿಯ ಮೇಲೆ ಟವೆಲ್ ಹಾಸಿ ಮಲಗಿದ. ಅಮ್ಮ ಮನೆ ಗುಡಿಸಿ, ನೀರು ತುಂಬಿಸಿ, ಕುಂಕುಮದ ಭರಣಿ ಹಿಡಿದು ಬಾಗಿಲಲ್ಲಿ ಕೂತಳು.

ಸಂಜೆ ಬಸ್ಸಿನಿಂದ ಒಬ್ಬ ಹೆಂಗಸು, ಹದಿನೈದು ವರ್ಷದ ಅವಳ ಮಗಳು ಇಳಿದು ಬಂದರು. ಬಾಗಿಲು ತೆರೆದಿರುವುದು ಕಂಡು ಅವಳು ಅಂಗಳದಲ್ಲೇ ನಿಂತುಬಿಟ್ಟಳು. ಹಣೆ ಬೋಳು, ಕೈ ಬೋಳು. ಅಮ್ಮನಿಗೆ ಅರ್ಥವಾಯಿತು. ಭರಣಿಯೊಳಗಿದ್ದ ಬೆರಳು ಅಲ್ಲೇ ನಿಂತಿತು. ನನಗೆ ಅಮ್ಮನ ಮೇಲೆ ಕೆಂಡದಂಥ ಸಿಟ್ಟು ಬಂತು.

"ಬುಡಿ ಅಕ್ಕ, ನನ್ ಹಣೆ ನೋಡಿದ್ ಮ್ಯಾಲೆ ಕುಂಕುಮ ಬ್ಯಾಡ," ಎಂದಳು ಅವಳು. ಕಣ್ಣು ನೆಲದ ಮೇಲಿತ್ತು. ಆಮೇಲೆ ತಾನಾಗಿಯೇ ಹೇಳಿದಳು. ಕರಾರು ಬರೆದ ವರ್ಷವೇ ಗಂಡ ತೀರಿಹೋಗಿದ್ದ. ಸೆಕೆಯಿಂದ ತಪ್ಪಿಸಿಕೊಳ್ಳಲಿ ಎಂದು ಅವಳ ಅಣ್ಣ ಪ್ರತಿವರ್ಷ ತಾಯಿ ಮಗಳನ್ನು ಬಸ್ಸು ಹತ್ತಿಸುತ್ತಿದ್ದ.

"ಇಲ್ಲಿರೋ ಎಂಟ್ ದಿನ ನೀವಿಟ್ಟ ಕುಂಕುಮ ಇಟ್ಕಂತಿದ್ದೆ, ಬಳೆ ತೊಟ್ಕಂತಿದ್ದೆ. ಇಲ್ಲಿ ನನ್ನ ಬಲ್ಲೋರ್ ಯಾರು? ಊರಿಗೆ ಹೊರಡೋ ದಿನ ಬಳೆ ಬಾವಿಗೆ ಹಾಕಿ ಹೋಗ್ತಿದ್ದೆ. ತಪ್ಪಾಯ್ತು ಅಕ್ಕ."

ಮಗಳು ತಾಯಿಯ ಸೆರಗು ಹಿಡಿದುಕೊಂಡಿದ್ದಳು. ಅಮ್ಮ ಮಡಿ ಮೈಲಿಗೆ ಎಂದರೆ ಪ್ರಾಣ ಬಿಡುವವಳು, ಊರಿನ ಬಾಯಿಗೆ ಹೆದರುವವಳು. ಇವತ್ತು ಏನು ಮಾಡುತ್ತಾಳೋ ಎಂದುಕೊಂಡೆ. ಅಮ್ಮ ಮೆಟ್ಟಿಲಿಳಿದು ಅವಳ ಮುಂದೆ ನಿಂತಳು.

"ಕರಾರು ಮುಗಿಯಾಕೆ ಇನ್ನೂ ಎಂಟ್ ದಿನ ಐತೆ ಕಣಮ್ಮ. ತಲೆ ಎತ್ತು."

ಅವಳ ಹಣೆಗೆ ಕಾಸಗಲ ಕುಂಕುಮ ಇಟ್ಟಳು. ಬಳೆಯನ್ನೂ ತಾನೇ ತೊಡಿಸಿದಳು. ಅಪ್ಪ ಎದ್ದು ಕೂತವನು ಬೇರೆ ಕಡೆ ಮುಖ ತಿರುಗಿಸಿಕೊಂಡ. ಮುಂದಿನ ಬೇಸಿಗೆಗೆ ಮಧುಗಿರಿಗೆ, ನಮ್ಮ ಮನೆಗೇ ಬಾ ಎಂದು ಅಮ್ಮ ಕರೆದಳು. ಅವಳು ಸಣ್ಣಗೆ ನಕ್ಕಳು. ಮಧುಗಿರಿ ಸಂತೆಗೆ ಅವಳ ಊರಿನವರು ಬರುತ್ತಾರಂತೆ. ಅಲ್ಲಿ ಅವಳನ್ನು ಬಲ್ಲವರಿದ್ದಾರೆ. ಅಮ್ಮ ಕುಂಕುಮದ ಭರಣಿಗೆ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟಳು.

ಅದೇ ಬಸ್ಸು ಹಿಂತಿರುಗುವಾಗ ನಾವು ಹತ್ತಿದೆವು. ಕೊರಟಗೆರೆಯಲ್ಲಿ ಬಸ್ಸು ಬದಲಿಸುವಾಗ ಅಮ್ಮ ಅಪ್ಪನ ತೋಳು ಹಿಡಿದು ನಿಲ್ಲಿಸಿದಳು. ನಾಲ್ಕು ಜನರ ಎದುರು ಹಾಗೆ ಹಿಡಿದವಳೇ ಅಲ್ಲ.

"ಯಜಮಾನರ ಹತ್ರ ಹೋಗಿ ಇನ್ನೊಂದು ಕರಾರು ಬರಸ್ಕೊಂಡ್ ಬನ್ನಿ. ನಮ್ಮ ಎಂಟ್ ದಿನ ನಮಗೆ ಬ್ಯಾಡ. ಅವಳದು ಇದ್ರೆ ಸಾಕು."

ಅಪ್ಪ ಏನೂ ಕೇಳದೆ ಹೋದ. ಅರ್ಧ ಗಂಟೆಗೆ ಬಂದ. ಯಜಮಾನರ ಮಗ ಮುಂದಿನ ತಿಂಗಳೇ ಹೆಂಡತಿಯೊಂದಿಗೆ ಆ ಮನೆಗೆ ಬರುವವನಿದ್ದನಂತೆ, ಒಂದು ದಿನಕ್ಕೂ ಆಗುವುದಿಲ್ಲ ಎಂದರಂತೆ.

ಅಮ್ಮ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಜನ ನೋಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಅತ್ತಳು.