ಬಿಟ್ಟು ಬಂದ ಮನೆಯ ಉಯಿಲು

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಕೊಂಬಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷದಿಂದ ಪ್ರೂಫ್ ನೋಡುವ ಕೆಲಸ. ಬಿಟ್ಟುಹೋದ ಕೊಂಬು, ತಪ್ಪಿದ ದೀರ್ಘ, ಜಾರಿಬಿದ್ದ ಒತ್ತು, ಯಾವುದೂ ಅವಳ ಕೆಂಪು ಪೆನ್ನಿನ ಕಣ್ಣು ತಪ್ಪಿಸುತ್ತಿರಲಿಲ್ಲ. "ಅಕ್ಷರಕ್ಕೆ ಕೊಂಬು ಕೊಡೋದಷ್ಟೇ ನನ್ನ ಕೆಲಸ, ನನಗೇನೂ ಕೊಂಬು ಬಂದಿಲ್ಲ" ಎಂದು ಅವಳೇ ನಗಾಡುತ್ತಿದ್ದಳು.

ಒಂದು ದಿನ ಬೆಳಿಗ್ಗೆ ವಕೀಲರೊಬ್ಬರ ಫೋನು ಬಂತು.

"ತಕ್ಕಡಿ ರಿಪೇರಿಯವರು ತೀರಿಕೊಂಡ್ರಮ್ಮ. ಹದಿನೈದು ದಿನ ಆಯ್ತು. ನಿಮಗೆ ಗೊತ್ತಿರಬಹುದು ಅಂದ್ಕೊಂಡಿದ್ದೆ."

ಗೊತ್ತಿರಲಿಲ್ಲ. ಅವಳು "ಒಂದು ನಿಮಿಷ" ಎಂದು ಫೋನನ್ನು ಮೇಜಿನ ಮೇಲಿಟ್ಟು, ಕೈಯಲ್ಲಿದ್ದ ಪುಟವನ್ನು ಕೊನೆಯ ಸಾಲಿನವರೆಗೂ ನೋಡಿ ಮುಗಿಸಿದಳು. ಆ ಪುಟದಲ್ಲಿ ನಾಲ್ಕು ತಪ್ಪು ಹಾಗೇ ಉಳಿದಿದ್ದವೆಂದು ಮರುದಿನ ಗೊತ್ತಾಯಿತು. ಅವಳ ಕೆಲಸದಲ್ಲಿ ಅಂಥದ್ದು ಅದೇ ಮೊದಲು.

ತಕ್ಕಡಿ ರಿಪೇರಿಯವನು ಅವಳ ಗಂಡನಾಗಿದ್ದವನು. ಹದಿಮೂರು ವರ್ಷ ಸಂಸಾರ ಮಾಡಿ, ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಅವನು ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಬೇರೆ ಹೆಂಗಸರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೇ. ಚೀಲದಲ್ಲಿ ಅರ, ಇಕ್ಕಳ, ತೂಕದ ಬಟ್ಟುಗಳನ್ನು ತುಂಬಿಕೊಂಡು ಊರೂರಿನ ಅಂಗಡಿಗಳ ತಕ್ಕಡಿ ಸರಿಮಾಡಲು ಹೋದರೆ ತಿಂಗಳಿಗೆ ಇಪ್ಪತ್ತು ದಿನ ಪತ್ತೆಯಿಲ್ಲ. ಬಂದರೆ ಊಟ, ನಿದ್ದೆ, ಹಿತ್ತಲ ಶೆಡ್ಡಿನಲ್ಲಿ ಅರ ಉಜ್ಜುವ ಸದ್ದು. ಇವಳು ಹತ್ತು ಮಾತಾಡಿದರೆ ಅವನದ್ದು ಒಂದು "ಹೂಂ". ಮಕ್ಕಳೂ ಆಗಲಿಲ್ಲ. ಕೊನೆಗೊಂದು ಸಂಜೆ ಬೇಸತ್ತು "ನಾನು ಹೋಗ್ತೀನಿ" ಎಂದಳು. ಬೇಡ ಎನ್ನಲಿ ಎಂದೇ ಹೇಳಿದ್ದು. ಅವನು ಎದ್ದು ಬಂದು, "ಟ್ರಂಕು ಭಾರ ಇದೆ, ನಾನು ತರ್ತೀನಿ" ಎಂದು ಹೊತ್ತುಕೊಂಡು ಬಸ್ ನಿಲ್ದಾಣದವರೆಗೂ ಬಂದ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೂ ಆಗಲಿಲ್ಲ. ಹತ್ತೊಂಬತ್ತು ವರ್ಷ ಅವಳು ಮನಸ್ಸಿನಲ್ಲಿ ಕೇಳುತ್ತಲೇ ಇದ್ದದ್ದು ಒಂದೇ: ಯಾಕೆ ಬೇಡ ಅನ್ನಲಿಲ್ಲ?

ವಕೀಲರ ಕಚೇರಿ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿತ್ತು. ಅವರು ಉಯಿಲನ್ನು ಮುಂದಿಟ್ಟರು. ಮನೆ ತಂಗಿಗೆ. ಶೆಡ್ಡಿನ ಸಾಮಾನೆಲ್ಲ ಗೆಳೆಯನಾದ ಲೇತ್ ಅಂಗಡಿಯವನಿಗೆ. ಕೊಂಬಕ್ಕನಿಗೆ ಒಂದು ಚಮಚವೂ ಇಲ್ಲ. ಆದರೆ ಕೊನೆಯ ಸಾಲಿನಲ್ಲಿ, ಇದನ್ನೆಲ್ಲ ನಡೆಸಿಕೊಡುವ ನಿರ್ವಾಹಕಿ ಎಂದು ಅವಳ ಹೆಸರು.

"ಈ ಉಯಿಲು ಅವರೇ ಬರೆಸಿದ್ದು ಅಂತ ಕೋರ್ಟು ಒಪ್ಪಿ ಮೊಹರು ಹಾಕಿಕೊಡಬೇಕು. ಅದಕ್ಕೆ ಪ್ರೊಬೇಟ್ ಅಂತಾರೆ" ಎಂದರು ವಕೀಲರು. "ಆಸ್ತಿ ಪಟ್ಟಿ ಮಾಡಬೇಕು, ಪೇಪರ್‌ನಲ್ಲಿ ನೋಟೀಸು ಕೊಡಬೇಕು, ಸಾಕ್ಷಿ ಕರೆತರಬೇಕು. ನಿಮಗೆ ಬೇಡ ಅಂದ್ರೆ ಬೇಡ ಅಂತ ಒಂದು ಸಹಿ ಹಾಕಿಕೊಟ್ಟುಬಿಡಿ, ಕೋರ್ಟು ಬೇರೆಯವರನ್ನ ನೇಮಿಸುತ್ತೆ."

ಅವಳು ಪೆನ್ನು ತೆಗೆದಳು. ಒಲ್ಲೆ ಎನ್ನುವ ಕಾಗದ ಎದುರಿಗೇ ಇತ್ತು. ಸ್ವಲ್ಪ ಹೊತ್ತು ನೋಡಿ ಪೆನ್ನಿಗೆ ಮುಚ್ಚಳ ಹಾಕಿದಳು.

ಅರ್ಜಿಯಲ್ಲಿ 'ಮೃತರೊಂದಿಗೆ ಸಂಬಂಧ' ಎಂಬಲ್ಲಿ ಟೈಪಿಸ್ಟ್ 'ವಿಚ್ಚೇದಿತ ಪತ್ನಿ' ಎಂದು ಹೊಡೆದಿದ್ದ. ಕೈ ತಡೆಯಲಿಲ್ಲ, ಚಕಾರದ ಒತ್ತನ್ನು ಹೊಡೆದು ಛಕಾರದ ಒತ್ತು ಹಾಕಿದಳು. ಹಾಕಿದ ಮೇಲೆ, ಬೇರೆಯಾಗಿದ್ದನ್ನು ತಾನೇ ಒತ್ತಿ ಒತ್ತಿ ತಿದ್ದಿ ಖಾಯಂ ಮಾಡಿದಂತಾಯಿತಲ್ಲ ಎನಿಸಿತು.

ಪ್ರೆಸ್ಸಿನಲ್ಲಿ ಸುದ್ದಿ ತಿಳಿದ ಮೆಷಿನ್‌ಮನ್, "ಅಕ್ಕ, ನಿರ್ವಾಹಕಿ ಅಂದ್ರೆ ಸೀಟಿ ಊದಿ ಟಿಕೇಟು ಹರೀಬೇಕಾ?" ಎಂದು ಕಿಚಾಯಿಸಿದ.

"ಬೇರೆ ನಿರ್ವಾಹ ಇಲ್ಲದೆ ನಿರ್ವಾಹಕಿ ಆದೆ ಕಣೋ" ಎಂದಳು.

ಮುಂದಿನ ಭಾನುವಾರ ಆ ಮನೆಗೆ ಹೋದಳು. ಬಾಗಿಲಲ್ಲಿ ಕೀಲಿಕೈ ಹಿಡಿದು ನಾದಿನಿ ನಿಂತಿದ್ದಳು. ಆಸ್ಪತ್ರೆಯೊಂದರಲ್ಲಿ ನರ್ಸು, ಇವಳ ಮದುವೆಯಾದಾಗ ಎರಡು ಜಡೆ ಹಾಕಿಕೊಂಡು "ಅತ್ತಿಗೆ, ಅತ್ತಿಗೆ" ಎಂದು ಸೆರಗು ಹಿಡಿದು ಓಡಾಡುತ್ತಿದ್ದವಳು. ಈಗ ತಲೆ ಅರ್ಧ ನರೆತಿತ್ತು.

"ಬನ್ನಿ" ಎಂದಳು. ಅತ್ತಿಗೆ ಎನ್ನಲಿಲ್ಲ. "ಇದ್ದಾಗ ಬಿಟ್ಟುಹೋದೋರು, ಸತ್ತಮೇಲೆ ಲೆಕ್ಕ ಕೇಳೋಕೆ ಬಂದ್ರಿ. ಕಾನೂನು ಅಂದ್ರೆ ಕಾನೂನು. ನೋಡ್ಕೊಳ್ಳಿ."

ಕೊಂಬಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಪಟ್ಟಿ ಶುರುವಾಯಿತು. ಇವಳು ಒಂದೊಂದೇ ವಸ್ತು ಹೇಳುವುದು, ನಾದಿನಿ ಮುಖ ಊದಿಸಿಕೊಂಡು ಬರೆಯುವುದು. ಮರದ ಕುರ್ಚಿ ಎರಡು. ಕಬ್ಬಿಣದ ಮಂಚ ಒಂದು. ಗೋಡೆ ಗಡಿಯಾರ ಒಂದು, ನಡೆಯುತ್ತಿದೆ. ಆಮೇಲೆ ಅಡುಗೆಮನೆಗೆ ಬಂದರು. ಗೂಡಿನಲ್ಲಿ ಸಾಲಾಗಿ ಡಬ್ಬಿಗಳು. ಒಂದೊಂದರ ಮೇಲೂ ಅವಳದೇ ಕೈಬರಹದ ಚೀಟಿ. ಉಪ್ಪು. ಸಕ್ಕರೆ. ಟೀಪುಡಿ. ಕಾಗದ ಹಳದಿಯಾಗಿ ಅಂಚು ಉದುರಿತ್ತು. ಆದರೆ ಯಾರೋ ಮೇಲೆ ಪಾರದರ್ಶಕ ಟೇಪು ಅಂಟಿಸಿದ್ದರು. ಆ ಟೇಪು ಹಳತಾದಾಗ ಅದರ ಮೇಲೆ ಮತ್ತೊಂದು.

"ಡಬ್ಬಿ ಎಷ್ಟು?" ಎಂದಳು ನಾದಿನಿ, ತಲೆಯೆತ್ತದೆ.

"ಹನ್ನೊಂದು."

"ಒಳಗೇನಿದೆ?"

"ಮೇಲೆ ಬರೆದಿರೋದೇ ಇದೆ" ಎಂದಳು ಕೊಂಬಕ್ಕ.

ಹೀಗೆ ಭಾನುವಾರ ಭಾನುವಾರ ಆ ಮನೆಯ ದಾರಿ ಹಿಡಿಯುವುದು ರೂಢಿಯಾಯಿತು. ಒಂದೇ ದಿನದಲ್ಲಿ ಮುಗಿಯಬಹುದಾದ ಪಟ್ಟಿ ನಾಲ್ಕು ವಾರ ಹಿಡಿಯಿತು. ಶೆಡ್ಡಿನಲ್ಲಿ ತೂಕದ ಬಟ್ಟುಗಳು ಮಖಮಲ್ಲಿನ ಗೂಡುಗಳಲ್ಲಿ ಕೋಳಿಮರಿಗಳಂತೆ ಕೂತಿದ್ದವು. ಅತಿ ಚಿಕ್ಕದ್ದನ್ನು ಕೈಯಲ್ಲಿ ಮುಟ್ಟದೆ ಚಿಮಟದಿಂದಲೇ ಎತ್ತಬೇಕು; ಬೆರಳಿನ ಬೆವರು ಕೂಡ ತೂಕ ಕೆಡಿಸುತ್ತದೆ ಎಂದು ಅವನೊಮ್ಮೆ ಹೇಳಿದ್ದ. ಅವನು ಅವಳೊಂದಿಗೆ ಆಡಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು.

ಮೂರನೆಯ ವಾರ ನಾದಿನಿ ಟೀ ಕೊಟ್ಟಳು. ಕೊಂಬಕ್ಕ ಲೋಟ ಹಿಡಿದುಕೊಂಡೇ ಕೇಳಿದಳು: "ಕೊನೇಲಿ ಏನಾದ್ರೂ ಅಂದ್ನಾ?"

"ನಮ್ಮ ಆಸ್ಪತ್ರೇಲೇ ಮೂರು ದಿನ ಇದ್ದ. ನಾನು ಪಕ್ಕದಲ್ಲೇ ಇದ್ದೆ." ನಾದಿನಿ ತನ್ನ ಲೋಟಕ್ಕೂ ಟೀ ಬಗ್ಗಿಸಿಕೊಂಡು ಹೇಳಿದಳು, "ನೀರು ಕೇಳಿದ. ಅಷ್ಟೇ. ಸುಳ್ಳು ಹೇಳಿ ನಿಮ್ಮನ್ನ ಸಮಾಧಾನ ಮಾಡಬಹುದಿತ್ತು. ಆದ್ರೆ ಅವನು ಅಷ್ಟೇ ಕೇಳಿದ್ದು."

ಇಬ್ಬರೂ ಟೀ ಕುಡಿದರು. ಆ ದಿನ ಮತ್ತೇನೂ ಬರೆಯಲಿಲ್ಲ.

ತಪ್ಪು ಸಿಕ್ಕಿದ್ದು ನಾಲ್ಕನೆಯ ವಾರ. ಮನೆಯ ತೆರಿಗೆ ಚೀಟಿಗಳನ್ನು ಜೋಡಿಸುತ್ತಿದ್ದಾಗ ಅವಳ ಕಣ್ಣು ಗಕ್ಕನೆ ನಿಂತಿತು. ಚೀಟಿಯಲ್ಲಿ ಮನೆ ನಂಬರು ನೂರ ಹದಿನಾಲ್ಕು. ಉಯಿಲಿನಲ್ಲಿ ನೂರ ನಲವತ್ತೊಂದು. ಯಾರೂ ನೋಡಿರಲಿಲ್ಲ. ವಕೀಲರೂ ನೋಡಿರಲಿಲ್ಲ. ಸುಮ್ಮನಿದ್ದರೆ ಹಾಗೆಯೇ ದಾಟಿಹೋಗುತ್ತಿತ್ತೋ ಏನೋ. ಅವಳು ಮರುದಿನವೇ ಹೋಗಿ ಹೇಳಿದಳು.

ವಕೀಲರು ಹಣೆ ಚಚ್ಚಿಕೊಂಡರು. "ನಿಮ್ಮ ಕಣ್ಣಿಗೆ ದೊಡ್ಡ ನಮಸ್ಕಾರ. ಈಗ ನಗರಸಭೆಯಿಂದ ದೃಢೀಕರಣ ತರಬೇಕು, ಅಫಿಡವಿಟ್ ಹಾಕಬೇಕು. ಕಡಿಮೆ ಅಂದ್ರೂ ಮೂರು ತಿಂಗಳು ಹೆಚ್ಚಾಯ್ತು."

"ಮೂರು ತಿಂಗಳಾ?" ಎಂದಳು. ಮೆಟ್ಟಿಲಿಳಿಯುವಾಗ ತನಗೆ ಬೇಸರವಾಗಿಲ್ಲ ಎಂಬುದು ಹೊಳೆದು ಅವಳಿಗೇ ನಾಚಿಕೆಯಾಯಿತು. ಹೇಳಿದ್ದು ಸತ್ಯಕ್ಕೋ, ಇನ್ನೊಂದಷ್ಟು ಭಾನುವಾರಗಳ ಆಸೆಗೋ? ಎರಡನ್ನೂ ತೂಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಕಾಗದಪತ್ರ ಹುಡುಕುವ ನೆಪದಲ್ಲಿ ಭಾನುವಾರದ ಓಡಾಟ ಮುಂದುವರಿಯಿತು. ಉಯಿಲಿಗೆ ಇಬ್ಬರು ಸಾಕ್ಷಿಗಳಿದ್ದರು. ಒಬ್ಬರು ತೀರಿಕೊಂಡಿದ್ದರು. ಉಳಿದವನು ಲೇತ್ ಅಂಗಡಿಯವನೆಂದು ಅವಳು ಅಂದುಕೊಂಡಿದ್ದಳು. ಅಲ್ಲ, ಉಯಿಲಿನಲ್ಲಿ ಪಾಲು ಇರುವವನು ಸಾಕ್ಷಿ ಹಾಕಬಾರದಂತೆ. ಉಳಿದವರು ಪಕ್ಕದ ಬೀದಿಯ ಹಿಟ್ಟಿನ ಗಿರಣಿಯವರು. ಮುದುಕರು, ಜೀವಮಾನವೆಲ್ಲ ಗಿರಣಿಯ ಸದ್ದು ಕೇಳಿ ಕೇಳಿ ಕಿವಿ ಮಂದ. ಎಲ್ಲರೂ ತಮ್ಮ ಹಾಗೇ ಕಿವುಡರೆಂದು ತಿಳಿದು ಕೂಗಿಯೇ ಮಾತಾಡುವವರು. "ಕೋರ್ಟು ಮೆಟ್ಟಿಲು ಹತ್ತಬೇಡ ಅಂತ ನಮ್ಮಪ್ಪ ಹೇಳಿದ್ದ" ಎಂದು ಎರಡು ಸಲ ವಾಪಸು ಕಳಿಸಿದರು. ಮೂರನೆಯ ಸಲ ಅವಳು ಗಿರಣಿಯ ಹೊಸ್ತಿಲಲ್ಲೇ ಕೂತುಬಿಟ್ಟಳು. ಸೀರೆಯೆಲ್ಲ ಹಿಟ್ಟಾಯಿತು. ಮುದುಕರು ಸೋತು ಒಪ್ಪಿದರು.

ಕೋರ್ಟಿನಲ್ಲಿ ಅವತ್ತು ಫ್ಯಾನು ಕೆಟ್ಟಿತ್ತು. ನ್ಯಾಯಾಧೀಶರು ಹೆಂಗಸು, ಕನ್ನಡಕ ಮೂಗಿನ ತುದಿಗಿಳಿಸಿ ಕೇಳಿದರು: "ಸಹಿ ಹಾಕುವಾಗ ಅವರ ಬುದ್ಧಿ ಸ್ತಿಮಿತದಲ್ಲಿತ್ತಾ?"

"ನನ್ನ ಬುದ್ಧಿಗಿಂತ ಚೆನ್ನಾಗಿತ್ತು ತಾಯಿ!" ಎಂದು ಗಿರಣಿಯವರು ಕೂಗಿದರು. ಹಿಂದಿನ ಬೆಂಚಿನವರು ನಕ್ಕರು.

"ಸ್ವಂತ ತಂಗಿ ಇರುವಾಗ, ಬಿಟ್ಟುಹೋದ ಹೆಂಡತಿಗೆ ಈ ಕೆಲಸ ಯಾಕೆ ವಹಿಸಿದರು? ಯಾರಾದರೂ ಒತ್ತಾಯ ಮಾಡಿದ್ದರಾ?"

"ಅವನಿಗೆ ಒತ್ತಾಯ ಮಾಡೋ ಗಂಡು ಇನ್ನೂ ಹುಟ್ಟಿಲ್ಲ. ನಾನೂ ಕೇಳ್ದೆ, ಯಾಕಯ್ಯಾ ಅಂತ. ಅವನು ಅಂದ, 'ಅವಳಾದ್ರೆ ಒಂದೊಂದೇ ತಪ್ಪು ಹುಡುಕ್ತಾಳೆ. ಹುಡುಕ್ತಾ ಹುಡುಕ್ತಾ ಒಂದಷ್ಟು ದಿನ ಮನೇಲಿ ಇರ್ತಾಳೆ. ಕರೆಯೋಕೆ ನನಗೆ ಬರಲಿಲ್ಲ.' ಅಷ್ಟು ಅಂದು ಸಹಿ ಹಾಕ್ದ."

ಇಡೀ ಕೋರ್ಟಿಗೆ ಕೇಳಿಸಿತು. ಯಾರೂ ನಗಲಿಲ್ಲ. ಕೊಂಬಕ್ಕ ನೆಲ ನೋಡುತ್ತ ನಿಂತಳು. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಬದುಕಿದ್ದಾಗ ಒಂದು ಫೋನು ಮಾಡಲು ಇವನಿಗೇನು ದಾಡಿ ಬಂದಿತ್ತು? ಒಂದು ಕಾರ್ಡು? ಒಂದೇ ಒಂದು "ಬಾ"? ಅವಳು ಓಡಿ ಬರುತ್ತಿದ್ದಳು, ಟ್ರಂಕನ್ನು ತಾನೇ ಹೊತ್ತುಕೊಂಡು ಬರುತ್ತಿದ್ದಳು. ಆಮೇಲೆ, ಫೋನು ತನ್ನ ಮನೆಯಲ್ಲೂ ಇತ್ತಲ್ಲ ಎನಿಸಿ ಆ ಸಿಟ್ಟು ನಿಲ್ಲಲು ಜಾಗ ಸಿಗದೆ ಹೋಯಿತು.

ಹೊರಗೆ ವರಾಂಡದಲ್ಲಿ ನಾದಿನಿ ಅವಳ ಮೊಣಕೈ ಹಿಡಿದಳು. "ಅತ್ತಿಗೆ, ಕೂತ್ಕೊಳ್ಳಿ. ಮುಖ ಬಿಳಿಚಿಕೊಂಡಿದೆ."

ಆ ಅತ್ತಿಗೆ ಎಂಬ ಮಾತಿಗೆ ಅವಳ ಕಟ್ಟೆ ಒಡೆಯಿತು. ಕಡತ ಹೊತ್ತವರು, ಕರಿಕೋಟಿನವರು ಓಡಾಡುವ ದಾರಿಯಲ್ಲೇ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಮನೆಗೆ ಹೊರಟಾಗ ಗಿರಣಿಯವರ ಕಿವಿಯ ಹತ್ತಿರ ಬಾಗಿ ಕೇಳಿದಳು: "ಮನೆ ನಂಬರು ತಪ್ಪಾಗಿದ್ದು ಟೈಪಿಸ್ಟಿಂದಲಾ?"

"ಇರಬಹುದು" ಎಂದರು ಮುದುಕರು. "ಆದ್ರೆ ಸಹಿ ಹಾಕೋ ಮುಂಚೆ ಅವನು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ದ ಕಣಮ್ಮ."

ಜೀವಮಾನದಲ್ಲಿ ಒಂದು ಅಂಕಿ ತಪ್ಪದ ಮನುಷ್ಯ. ಅವಳು ಮತ್ತೆ ಕೇಳಲಿಲ್ಲ. ಹೌದೆಂದಾದರೂ ಅಲ್ಲವೆಂದಾದರೂ ಅದನ್ನು ತಡೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ.

ಆದೇಶ ಬರಲು ಎರಡು ತಿಂಗಳು ಹಿಡಿಯಿತು. ಕೆಂಪು ಮೊಹರಿನ ಕಾಗದ ಕೈಗೆ ಬಂದ ಮೇಲೆ ಎಲ್ಲ ಸರಸರನೆ ನಡೆಯಿತು. ಮನೆ ನಾದಿನಿಯ ಹೆಸರಿಗಾಯಿತು. ಲೇತ್ ಅಂಗಡಿಯವನು ಗಾಡಿ ತಂದು ಶೆಡ್ಡಿನ ಸಾಮಾನು ಒಯ್ದ, ಒಯ್ಯುವಾಗ "ಇದರಲ್ಲಿ ನಿಮಗೇನಾದ್ರೂ ಬೇಕಾ?" ಎಂದು ಕೇಳಿದ. ಬೇಡ ಎಂದಳು. ಉಯಿಲಿನಲ್ಲಿ ಇಲ್ಲದ್ದನ್ನು ತೆಗೆದುಕೊಂಡರೆ ತಕ್ಕಡಿ ರಿಪೇರಿಯವನು ಒಪ್ಪುತ್ತಿರಲಿಲ್ಲ.

"ಮುಗೀತಮ್ಮ" ಎಂದರು ವಕೀಲರು. "ಇನ್ನು ನಿಮಗೆ ಯಾವ ತಾಪತ್ರಯಾನೂ ಇಲ್ಲ."

"ಇನ್ನೊಂದು ಸಲ ನೋಡಿ. ಏನಾದ್ರೂ ಕಾಗದ ಬಾಕಿ ಇರಬಹುದು."

"ಇದೇನಮ್ಮ! ಇಷ್ಟು ವರ್ಷದಲ್ಲಿ ಹೀಗೆ ಕೇಳಿದೋರು ನೀವೊಬ್ಬರೇ."

ಮುಂದಿನ ಭಾನುವಾರ ಅವಳು ಎಂದಿನಂತೆ ಎದ್ದು, ಮಿಂದು, ಇಸ್ತ್ರಿಯ ಸೀರೆ ಉಟ್ಟು ಬಸ್ ನಿಲ್ದಾಣಕ್ಕೆ ಹೋದಳು. ಬಸ್ಸು ಬಂದು ನಿಂತಾಗಲೇ ನೆನಪಾದದ್ದು, ಅಲ್ಲಿ ತನಗೆ ಕೆಲಸವಿಲ್ಲವೆಂದು. ಒಂಬತ್ತು ತಿಂಗಳಲ್ಲಿ ಪರಿಚಯವಾಗಿದ್ದ ಕಂಡಕ್ಟರ್ "ಹತ್ತಲ್ವಾ ಅಮ್ಮ?" ಎಂದ. "ಇಲ್ಲಪ್ಪ" ಎಂದಳು. ಆಮೇಲಿನ ಬಸ್ಸನ್ನೂ ಬಿಟ್ಟಳು.

ಮಧ್ಯಾಹ್ನ ನಾದಿನಿಯ ಫೋನು. "ಬರ್ತೀರೇನೋ ಅಂತ ಬಾಗಿಲು ತೆಗೆದಿಟ್ಟಿದ್ದೆ ಅತ್ತಿಗೆ."

"ಮುಂದಿನ ವಾರ ಬರ್ತೀನಿ ಕಣೇ" ಎಂದಳು. ಹೋದಳು ಕೂಡ, ಈಗಲೂ ತಿಂಗಳಿಗೊಮ್ಮೆ ಹೋಗುತ್ತಾಳೆ. ನಾದಿನಿ ಕುರ್ಚಿ ಎಳೆದು ಕೂರಿಸಿ, ಊಟ ಬಡಿಸಿ, ಕೈಗೆ ಹಣ್ಣು ಕೊಟ್ಟು ಕಳಿಸುತ್ತಾಳೆ. ಅವಳ ಪ್ರೀತಿಗೇನೂ ಕೊರತೆಯಿಲ್ಲ. ಆದರೆ ಆ ಮನೆಯಲ್ಲಿ ಈಗ ಕೊಂಬಕ್ಕ ನೆಂಟಳು. ತಪ್ಪು ಹುಡುಕುತ್ತ, ಕಪಾಟಿನಿಂದ ಕಪಾಟಿಗೆ, ಕೋಣೆಯಿಂದ ಕೋಣೆಗೆ ಮನೆಯವಳಂತೆ ಓಡಾಡುತ್ತಿದ್ದ ಆ ಒಂಬತ್ತು ತಿಂಗಳು ಅವಳಿಗೆ ಹದಿಮೂರು ವರ್ಷದ ಸಂಸಾರಕ್ಕಿಂತ ಹೆಚ್ಚಾಗಿ ನೆನಪಾಗುತ್ತವೆ.